ಸೋರದ ಎಣ್ಣೆಯ ಜಾಡು ಹಿಡಿದ ಬಂಡೆಪ್ಪ

ಹೈದರಾಬಾದಿನ ಹೊರಗೆ, ಶಂಶಾಬಾದಿನ ಹೆದ್ದಾರಿ ಬದಿಯ ತಗಡಿನ ಶೆಡ್ಡು. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮೆಕ್ಯಾನಿಕ್ ಬಂಡೆಪ್ಪ ಮೊಣಕಾಲೂರಿ, ಹಳೆಯ ಪಿಕಪ್ ಗಾಡಿಯ ಕೆಳಗಿನಿಂದ ರಟ್ಟಿನ ಹಾಳೆಯೊಂದನ್ನು ಮೆಲ್ಲಗೆ ಎಳೆಯುತ್ತಾರೆ. ನಿನ್ನೆ ಹಾಸಿಟ್ಟದ್ದು. ಗೇರ್‌ಬಾಕ್ಸಿನಿಂದ ಎಣ್ಣೆ ಸೋರಿದ್ದರೆ ಅದರ ಮೇಲೆ ಕೆಂಪು ಕಲೆ ಬೀಳಬೇಕಿತ್ತು. ಬೆರಳಾಡಿಸುತ್ತಾರೆ, ಮೂಸುತ್ತಾರೆ. ರಟ್ಟು ಒಣಗಿಯೇ ಇದೆ.

“ಹಾಕಿದ ಎಣ್ಣಿ ಖಾಲಿ ಆಗತೈತಿ. ನೆಲಕ್ಕ ಒಂದು ಹನಿ ಬೀಳಂಗಿಲ್ಲ. ಹಂಗಾರ ಎಲ್ಲಿಗಿ ಹೋಗಾಕತ್ತೈತ್ರಿ?” ಕೇಳಿದ್ದು ಅವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನನ್ನೋ ಗಾಡಿಯನ್ನೋ ತಿಳಿಯುವುದಿಲ್ಲ.

ಗಾಡಿಯ ಒಡೆಯ ಸಿದ್ದರಾಮಪ್ಪ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಒಂದು ಕಾಲದಲ್ಲಿ ಲಾರಿ ಓಡಿಸುತ್ತಿದ್ದವರು. ಅಪಘಾತದಲ್ಲಿ ಎಡಗಾಲಿನ ಬಲ ಹೋಯಿತು, ಕ್ಲಚ್ ತುಳಿಯಲಾರರು. ಕೊಲ್ಲಿ ದೇಶದಿಂದ ಹಡಗಿನಲ್ಲಿ ಬಂದು, ಕೈಯಿಂದ ಕೈಗೆ ದಾಟಿದ ಈ ಪೆಟ್ರೋಲ್ ಪಿಕಪ್ಪಿಗೆ ಕ್ಲಚ್ಚೇ ಇಲ್ಲ, ಗೇರು ತಾನಾಗಿ ಬದಲಾಗುತ್ತದೆ. ಹೆಂಡತಿ ಉಮಾಬಾಯಿ ಬಡಿದ ಜೋಳದ ರೊಟ್ಟಿಯನ್ನು ಅವರು ಇದರಲ್ಲೇ ಅಮೀರ್‌ಪೇಟೆಗೆ ಒಯ್ಯುತ್ತಿದ್ದರು. ಸಾಫ್ಟ್‌ವೇರ್ ಕೋರ್ಸಿಗೆಂದು ಬಂದು ಹಾಸ್ಟೆಲುಗಳಲ್ಲಿ ತುಂಬಿರುವ, ಉತ್ತರ ಕರ್ನಾಟಕದ ನಮ್ಮ ಕಡೆಯ ಮಕ್ಕಳು ಕಾಯುವ ರೊಟ್ಟಿ ಅದು.

ಈಗ ಮೂರನೇ ಗೇರು ಬೀಳುವ ಹೊತ್ತಿಗೆ ಎಂಜಿನ್ ಅರಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುವುದನ್ನು ಕಂಡ ಒಂದು ಗ್ಯಾರೇಜಿನವರು ಎಂಜಿನ್ ಬಿಚ್ಚಿದರು. ಇನ್ನೊಬ್ಬರು ಗೇರ್‌ಬಾಕ್ಸನ್ನೇ ಇಳಿಸಿ ಏರಿಸಿದರು. ನಾಳೆ ಗುಜರಿಯವನು ಬರುತ್ತಾನೆ. ಇವತ್ತು ಸರಿಹೋಗದಿದ್ದರೆ ಗಾಡಿ ಅವನ ಪಾಲು.

ಆಟೋ ಹಿಡಿಯಲೆಂದು ರೊಟ್ಟಿಯ ಗಂಟು ಹೊತ್ತು ಬಂದ ಉಮಾಬಾಯಿ ಗಂಡನತ್ತ ನೋಡಿ ಹೇಳುತ್ತಾರೆ: “ಗಾಡಿ ನಿಂತಾಗಿಂದ ಇವರು ಒಲಿ ಮುಂದ ಕುಂತು ನನಗ ರೊಟ್ಟಿ ಬಡಿಯೂದು ಕಲಿಸಾಕತ್ತಾರ. ಬಂಡೆಪ್ಪಣ್ಣಾ, ಗಾಡಿ ಅಲ್ಲ, ನನ್ನ ಉಳಸ್ರಿ.”

ಸಿದ್ದರಾಮಪ್ಪ ನಗುತ್ತಾರೆ. ಆದರೆ ಅವರ ಬಲಗಾಲು ಆಗಾಗ ನೆಲವನ್ನು ಒತ್ತುತ್ತಲೇ ಇದೆ, ಅಲ್ಲಿ ಆಕ್ಸಿಲರೇಟರ್ ಇದ್ದಂತೆ.

ಲಿಂಗಸೂರಿನ ಕಡೆಯ ಬಂಡೆಪ್ಪ ತಾನಾಗಿ ಬದಲಾಗುವ ಗೇರಿನ ವಿದ್ಯೆ ಕಲಿತದ್ದು ಮಸ್ಕತ್ತಿನ ಗ್ಯಾರೇಜಿನಲ್ಲಿ. “ಭಾಳ ಗಾಡಿ ರಿಪೇರಿ ಮಾಡೀನ್ರಿ ಅಲ್ಲಿ. ರಿಪೇರಿ ಆದಮ್ಯಾಲ ಸರ್ಕಲ್ ತನಕ ಓಡಿಸಿ ನೋಡಿ ತಿರುಗಿ ಬರೂದು. ಅಲ್ಲಿಂದ ಮುಂದ ರಸ್ತಾ ಸಮುದ್ರದ ಗುಂಟ ಹೋಗತಿತ್ತಂತ. ನಾ ನೋಡಲಿಲ್ಲ.” ಇಲ್ಲಿ ದಿನಕ್ಕೆ ನಾಲ್ಕೈದು ಪಂಚರ್, ಒಂದೆರಡು ಬ್ರೇಕ್. ಐಟಿ ಮಂದಿಯ ಹೊಸ ಆಟೋಮ್ಯಾಟಿಕ್ ಕಾರುಗಳು ಶೆಡ್ಡಿನ ಮುಂದೆಯೇ ಹಾಯ್ದು ಶೋರೂಮಿಗೆ ಹೋಗುತ್ತವೆ. ಅವುಗಳ ಗೇರು ಬದಲಾಗುವ ಸದ್ದಿಗೆ ಬಂಡೆಪ್ಪ ತಲೆ ಎತ್ತುತ್ತಾರೆ. ತಲೆಯ ಮೇಲೆ ವಿಮಾನ ಇಳಿಯುವಾಗ ಎತ್ತುವುದಿಲ್ಲ.

ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಡುತ್ತಾರೆ. ಬಿಳಿ ಹೊಗೆ ಏಳುತ್ತದೆ. ಅದಕ್ಕೆ ಮೂಗೊಡ್ಡಿ ನಿಲ್ಲುತ್ತಾರೆ. “ಇದು ಎಂಜಿನ್ ಎಣ್ಣಿ ವಾಸನಿ ಅಲ್ರಿ.” ಗಾಡಿ ಬಂದ್ ಮಾಡಿ ಕೆಳಗೆ ತೂರಿ, ಎಂಜಿನ್ ಗೇರ್‌ಬಾಕ್ಸಿನ ಕಡೆಯಿಂದ ಗಾಳಿ ಎಳೆಯುವ ಸಣ್ಣ ರಬ್ಬರ್ ನಳಿಕೆಯನ್ನು ಕಿತ್ತು ತರುತ್ತಾರೆ. ಎಣ್ಣೆ ಇರಬಾರದ ಜಾಗ ಅದು. ಅಂಗೈ ಮೇಲೆ ಬಗ್ಗಿಸಿದರೆ ಕೆಂಪನೆಯ ಹನಿ.

“ಸಿಕ್ತು! ಇದರ ತುದ್ಯಾಗಿನ ಡಬ್ಬಿಯೊಳಗ ರಬ್ಬರ್ ಪರದಾ ಹರದೈತಿ. ಮಂದಿ ಎಳನೀರು ಕುಡದಂಗ ಎಂಜಿನ್ನು ಗೇರಿನ ಎಣ್ಣಿ ಎಳದು ಕುಡಿಯಾಕತ್ತೈತಿ. ಕುಡದದ್ದ ಹೊಗಿ ಆಗಾಕತ್ತೈತಿ. ಎಣ್ಣಿ ಕಮ್ಮಿ ಆಗಿ ಮೂರನೇ ಗೇರು ಹಿಡಿಯವಲ್ದು.”

ಅಂಥ ಡಬ್ಬಿ ಹೈದರಾಬಾದಿನಲ್ಲಿ ಸಿಗುವುದಿಲ್ಲ. ಬಂಡೆಪ್ಪ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದನ್ನು ತೆಗೆಯುತ್ತಾರೆ. ಮಸ್ಕತ್ ಬಿಡುವಾಗ ತಂದದ್ದು. “ನಮ್ಮಾಕಿ ಇವತ್ತಿಗೂ ಬೈತಾಳ್ರಿ, ಮಂದಿ ಬಂಗಾರ ತಂದ್ರು, ನೀವು ಕಬ್ಬಣ ತಂದ್ರಿ ಅಂತ.” ಅದರ ಮೂತಿಗೆ ಬಾಯಿಟ್ಟು ಗಾಳಿ ಎಳೆದು ನಾಲಿಗೆ ಒತ್ತುತ್ತಾರೆ. ನಾಲಿಗೆ ಅಂಟಿ ನಿಲ್ಲುತ್ತದೆ. ಪರದೆ ಗಟ್ಟಿ ಇದೆ.

ಜೋಡಿಸಿ, ಎಣ್ಣೆ ತುಂಬಿದ ಮೇಲೆ ಸ್ಟೀರಿಂಗ್ ಹಿಡಿಯುವುದು ಸಿದ್ದರಾಮಪ್ಪ. ಪಕ್ಕದಲ್ಲಿ ಬಂಡೆಪ್ಪ. ಹಿಂದೆ ರೊಟ್ಟಿ ಗಂಟಿನ ಜೊತೆ ಉಮಾಬಾಯಿ ಮತ್ತು ನಾನು. ಒಂದು, ಎರಡು. ನಾನು ಗೇರು ಎಣಿಸುತ್ತಿದ್ದೇನೆ. ಮೂರನೆಯದು ಬಿದ್ದದ್ದೇ ಗೊತ್ತಾಗುವುದಿಲ್ಲ. ಉಮಾಬಾಯಿಯ ಸೆರಗು ಮಾತ್ರ ಗಾಳಿಗೆ ಜೋರಾಗಿ ಹಾರತೊಡಗುತ್ತದೆ.

ಇಲ್ಲಿಯೂ ರಿಪೇರಿಯಾದ ಗಾಡಿಯನ್ನು ಬಂಡೆಪ್ಪ ದಿನವೂ ತಿರುಗಿಸುವ ಸರ್ಕಲ್ ಬರುತ್ತದೆ. ಸಿದ್ದರಾಮಪ್ಪ ವೇಗ ತಗ್ಗಿಸುತ್ತಾರೆ. “ನಿಮ್ಮನ್ನ ಶೆಡ್ಡಿಗೆ ಬಿಟ್ಟು ಹೋಗ್ಲ್ಯಾ?”

ಬಂಡೆಪ್ಪ ಮುಂದಿನ ರಸ್ತೆಯನ್ನೇ ನೋಡುತ್ತಾರೆ.

“ಶೆಡ್ಡು ಎಲ್ಲಿ ಓಡಿ ಹೋಗತೈತ್ರಿ? ಅಮೀರ್‌ಪೇಟ್ ತನಕ ನಾನೂ ಬರ್ತೀನಿ, ನಡೀರಿ.”