ಪಾವಗಡಕ್ಕೆ ಐವರು ಹೋದೆವು

ಏಪ್ರಿಲ್ ಎರಡನೇ ವಾರ, ನಾನು ಪಾಠ ಮಾಡುವ ಶಾಲೆಗೆ ರಜೆ ಸಿಕ್ಕ ಮೂರನೇ ದಿನ, ಬೆಳಿಗ್ಗೆ ಏಳಕ್ಕೆ ಹೊಳವನಹಳ್ಳಿ ಬಿಟ್ಟೆವು. ಐದೂವರೆಗೇ ಹೊರಡಬೇಕೆಂದಿದ್ದೆವು. ನಾನು, ನನ್ನ ಹೆಂಡತಿ ರೂಪಾ, ಎರಡೂವರೆ ವರ್ಷದ ಮಗಳು ಇಂಚರ, ನಾಲ್ಕು ತಿಂಗಳ ಅವಳಿ ಗಂಡುಮಕ್ಕಳು. ಹೋಗಬೇಕಿದ್ದುದು ಪಾವಗಡದ ಆಚೆಗಿನ ಹಳ್ಳಿಯಲ್ಲಿರುವ ರೂಪಾಳ ಅಕ್ಕ ನಾಗವೇಣಿಯವರ ಮನೆಗೆ. ಕಾರು ತಿಂಗಳ ಹಿಂದಷ್ಟೇ ಕೊಂಡ ಸೆಕೆಂಡ್ ಹ್ಯಾಂಡ್ ಕಾರು.

ರೂಪಾಳಿಗೆ ತಾಯಿ ಇಲ್ಲ. ಅಕ್ಕನೇ ಬಾಣಂತನ ಮಾಡಬೇಕಿತ್ತು. ಹೆರಿಗೆಯ ಹೊತ್ತಿಗೆ ಅವರು ಕಾಲು ಮುರಿದುಕೊಂಡು ಮಲಗಿದ್ದರಿಂದ ನಮ್ಮ ಮನೆಯಲ್ಲೇ ಆಯಿತು. ಆಯಿತು ಅಂದರೆ, ಹತ್ತು ದಿನಕ್ಕೆ ನನ್ನ ತಾಯಿ ಸೊಂಟನೋವೆಂದು ಕೂತರು, ತಿಂಗಳು ತುಂಬುವ ಮೊದಲೇ ರೂಪಾ ಒಲೆಯ ಮುಂದೆ ನಿಂತಳು. ಅಕ್ಕನ ಮನೆಯಲ್ಲಿ ಒಂದು ತಿಂಗಳಾದರೂ ಇದ್ದು ಬರುತ್ತೇನೆ ಎಂದು ಎರಡು ಸಲ ಕೇಳಿದ್ದಳು. ಹೋದಮೇಲೆ ನೋಡೋಣ ಎಂದು ಎರಡು ಸಲವೂ ಹೇಳಿದ್ದೆ. ಸಂಜೆಗೆಲ್ಲ ಎಲ್ಲರೂ ವಾಪಸ್ ಬರುತ್ತೇವೆ ಎಂದು ತಾಯಿಗೆ ಮಾತು ಕೊಟ್ಟಿದ್ದು ಮಾತ್ರ ಅವಳಿಗೆ ಹೇಳಿರಲಿಲ್ಲ.

ಕೊರಟಗೆರೆ ತಲುಪುವಷ್ಟರಲ್ಲಿ ಇಂಚರ ಸೀಟಿನ ಮೇಲೆ ವಾಂತಿ ಮಾಡಿದಳು. ಬಸ್ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿದೆ. ರೂಪಾ ಒಂದು ಕೂಸನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಸೀಟು ಒರೆಸಿ ಮಗಳ ಬಟ್ಟೆ ಬದಲಿಸಿದಳು. ವಾಸನೆ ಹೋಗುತ್ತೋ ಇಲ್ಲವೋ ಎಂಬುದು ಆಗ ನನ್ನ ಚಿಂತೆಯಾಗಿತ್ತು.

ಮಧುಗಿರಿಯಲ್ಲಿ ಚಿಕ್ಕಪ್ಪನ ಮನೆಗೆ ಐದು ನಿಮಿಷ ಎಂದು ಹೋದೆವು. ಅಲ್ಲಿ ಒಂದೂವರೆ ಗಂಟೆ ಹಿಡಿಯಿತು. ಬೀದಿಯವರೆಲ್ಲ ಬಂದು ಅವಳಿಗಳನ್ನು ಎತ್ತಿಕೊಂಡು, ಯಾರು ದೊಡ್ಡವನು ಯಾರು ಚಿಕ್ಕವನು ಎಂದು ಕೇಳಿದರು. ಮಲಗಿದ್ದ ಮಕ್ಕಳು ಎದ್ದು ಅಳತೊಡಗಿದವು. ನಾನು ಚಿಕ್ಕಪ್ಪನಿಗೆ ಕಾರಿನ ಬಾನೆಟ್ ತೆಗೆದು ತೋರಿಸುತ್ತಿದ್ದೆ.

ಅಲ್ಲಿಂದ ನೆಟ್ಟಗೆ ಹೋಗಿದ್ದರೆ ಪಾವಗಡ ಅರವತ್ತು ಕಿಲೋಮೀಟರ್ ಇರಬಹುದು. ನಾನು ಶಿರಾ ಕಡೆಗೆ ತಿರುಗಿಸಿದೆ. ಶಿಕ್ಷಕರ ತರಬೇತಿಗೆ ಟಿಸಿಎಚ್ ಓದುವಾಗ ಜೊತೆಗಿದ್ದ ರಫೀಕ್ ಅಲ್ಲಿದ್ದಾನೆ, ಅವನಿಗೂ ಕಾರು ತೋರಿಸಬೇಕಿತ್ತು. ರೂಪಾ ಕಿಟಕಿಗೆ ಟವೆಲ್ ಸಿಕ್ಕಿಸಿ ಬಿಸಿಲು ಮರೆಮಾಡಿ ಕೂತಳು. ಕಾರಿನ ಎಸಿ ಹೆಸರಿಗಷ್ಟೇ ಇತ್ತು.

ರಫೀಕನ ಮನೆಯಲ್ಲಿ ಬಿರಿಯಾನಿ ಮಾಡಿಸಿದ್ದರು. ನಾನೂ ರಫೀಕನೂ ಊಟಕ್ಕೆ ಕೂತೆವು. ಒಳಕೋಣೆಯಲ್ಲಿ ಒಂದು ಮಗು ಹಾಲು ಕುಡಿದು ಸುಮ್ಮನಾದರೆ ಇನ್ನೊಂದು ಶುರುಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ರಫೀಕನ ತಾಯಿ ಹೊರಗೆ ಬಂದು ನನ್ನ ಎದುರು ನಿಂತರು.

"ಆ ಹುಡುಗಿ ಕೂತ ಕಡೇನೇ ತೂಕಡಿಸ್ತಾ ಅವಳೆ ಬೇಟಾ. ಮಗು ಕೈಯಿಂದ ಜಾರ್ತಿತ್ತು, ನಾನು ಹಿಡ್ಕೊಂಡೆ. ನೀನು ನೋಡ್ಕೊಂಡಿದೀಯಾ?"

ರಾತ್ರಿ ನಿದ್ದೆ ಕಡಿಮೆ ಅಮ್ಮಾ ಎಂದು ನಕ್ಕೆ. ಅವರು ನಗಲಿಲ್ಲ. ರೂಪಾಳಿಗೆ ತಟ್ಟೆ ಹಾಕಿಕೊಟ್ಟು ಎರಡೂ ಮಕ್ಕಳನ್ನು ತಾವೇ ಇಟ್ಟುಕೊಂಡರು. ಅವಳು ನಾಲ್ಕು ತುತ್ತು ತಿಂದಿದ್ದಳೇನೋ, ಹೊತ್ತಾಯಿತು ಎಂದು ನಾನೇ ಎಬ್ಬಿಸಿದೆ.

ಪಟ್ಟನಾಯಕನಹಳ್ಳಿ ದಾಟಿದ ಮೇಲೆ ಎರಡೂ ಕೂಸುಗಳು ಒಟ್ಟಿಗೆ ಅಳತೊಡಗಿದವು. ಹುಣಸೆಮರದ ಕೆಳಗೆ ನಿಲ್ಲಿಸಿದೆ. ಗಾಳಿಯೂ ಕಾದಿತ್ತು. ಹಾಲೂಡುತ್ತಾ ರೂಪಾ ಹೇಳಿದಳು, "ಅಕ್ಕ ಹನ್ನೊಂದಕ್ಕೇ ಅಡುಗೆ ಮುಗಿಸಿ ಬಾಗಿಲಲ್ಲಿ ಕೂತವ್ರಂತೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ರೇಗಿ, ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ.

ತಲುಪಿದಾಗ ನಾಲ್ಕು ಗಂಟೆ. ನಾಗವೇಣಿಯಕ್ಕ ಇನ್ನೂ ಸ್ವಲ್ಪ ಕುಂಟುತ್ತಿದ್ದರು. ಅಂಗನವಾಡಿ ಟೀಚರಾದ ಅವರಿಗೆ ಮಕ್ಕಳೆಂದರೆ ಹೊಸದಲ್ಲ. ಎರಡು ಕೂಸುಗಳನ್ನೂ ಎರಡು ತೋಳಿಗೆ ಹಾಕಿಕೊಂಡು, "ಏಡವದ್ದು ನಾಯನಾ" ಎಂದು ಆ ಕಡೆಯ ತೆಲುಗಿನಲ್ಲಿ, ಅಳಬೇಡ ಕಂದಾ ಎಂದು ರಮಿಸಿ ಸುಮ್ಮನಾಗಿಸಿದರು. ರೂಪಾ ಕೈಕಾಲು ತೊಳೆದು ಬಂದು, ಬಡಿಸಿದ ತಟ್ಟೆಯ ಪಕ್ಕದಲ್ಲೇ ನೆಲದ ಮೇಲೆ ಒರಗಿದವಳು ಹಾಗೇ ನಿದ್ದೆಹೋದಳು.

ಐದು ಗಂಟೆಗೆ ಅವಳನ್ನು ಎಬ್ಬಿಸಲು ಎದ್ದೆ. ಕತ್ತಲಾಗುವ ಮೊದಲು ಊರು ಸೇರಬೇಕು, ತಾಯಿಗೆ ಹೇಳಿ ಬಂದಿದ್ದೇನೆ ಎಂದೆ.

"ಮೇಷ್ಟ್ರೇ, ಅವಳನ್ನ ಮುಟ್ಬ್ಯಾಡಿ," ಎಂದರು ಅಕ್ಕ.

ಮಾತಿಗೆ ರೂಪಾಳಿಗೆ ಎಚ್ಚರವಾಗಿತ್ತು. ಏಳಲಿಲ್ಲ. ಮಲಗಿದ್ದ ಕಡೆಯಿಂದಲೇ, ಸಂಜೆಗೆ ವಾಪಸ್ ಎಂದು ಅತ್ತೆಗೆ ಯಾವಾಗ ಹೇಳಿದ್ದಿರಿ ಎಂದು ಕೇಳಿದಳು. ನಿನ್ನೆ ಎಂದೆ. ಅವಳು ಪಕ್ಕದಲ್ಲಿದ್ದ ತಟ್ಟೆ ಆಚೆ ಸರಿಸಿದಳು.

"ನೀವು ಹೊರಡಿ. ಇಂಚರನ್ನ ಕರ್ಕೊಂಡು ಹೋಗಿ. ಈ ತಿಂಗಳು ಒಬ್ಬಳನ್ನ ನೀವು ನೋಡ್ಕೊಳಿ, ಇಬ್ಬರನ್ನ ನಾನು ನೋಡ್ಕೊತೀನಿ."

ರಜೆ ನನಗೂ ಇತ್ತು. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಮಧುಗಿರಿ ರಸ್ತೆ ಹಿಡಿದೆ. ಪಾವಗಡ ದಾಟುವವರೆಗೆ ಸುಮ್ಮನಿದ್ದಳು. ಆಮೇಲೆ ಅಮ್ಮ ಎಂದು ಶುರುಮಾಡಿದಳು. ಬಿಸ್ಕತ್ತು ಕೊಟ್ಟೆ, ಎಸೆದಳು. ಮೊಬೈಲ್ ಕೊಟ್ಟೆ, ಎಸೆದಳು. ಚಡ್ಡಿಯಲ್ಲೇ ಕಕ್ಕ ಮಾಡಿಕೊಂಡಳು. ರಸ್ತೆ ಬದಿಯಲ್ಲಿ ನಿಲ್ಲಿಸಿ ಒಂದು ಬಾಟಲಿ ನೀರಿನಲ್ಲಿ ತೊಳೆಯಲು ಹೋದೆ. ಒದ್ದಾಡಿ ನನ್ನ ಅಂಗಿಗೆಲ್ಲ ಹತ್ತಿಸಿದಳು. ಬದಲಿಸುವ ಬಟ್ಟೆ ಯಾವ ಚೀಲದಲ್ಲಿದೆ ಎಂದು ಹುಡುಕಿದೆ. ನನ್ನ ಮಗಳ ಬಟ್ಟೆ ಎಲ್ಲಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಜೋರಾಗಿ ಗದರಿದೆ. ಅವಳು ಬೆಚ್ಚಿ, ಅಳು ನಿಲ್ಲಿಸಿ, ನನ್ನಿಂದ ಹಿಂದಕ್ಕೆ ಸರಿದಳು.

ದಾರಿಯ ನಡುವಿನ ಮಿಡಿಗೇಶಿ ಕೂಡ ಬಂದಿರಲಿಲ್ಲ. ನಾನು ಕಾರು ಹಿಂದಕ್ಕೆ ತಿರುಗಿಸಿದೆ.

ಬಾಗಿಲಿಗೆ ರೂಪಾಳೇ ಬಂದಳು. ಟವೆಲಿನಲ್ಲಿ ಸುತ್ತಿದ್ದ ಮಗಳನ್ನು ನನ್ನ ಕೈಯಿಂದ ತೆಗೆದುಕೊಂಡಳು. ಯಾಕೆ ಬಂದಿರಿ ಎಂದು ಕೇಳುತ್ತಾಳೆಂದು ಇಷ್ಟು ದೂರವೂ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಅವಳು ಕೇಳಲಿಲ್ಲ. ನಾನು ತಿರುಗಿ ಬಂದದ್ದು ಅವಳಿಗೆ ಹೊಸದೇನೂ ಅನ್ನಿಸಿದಂತಿರಲಿಲ್ಲ.

ಮುಸ್ಸಂಜೆಯಾಗಿತ್ತು. ಒಬ್ಬನೇ ಊರಿಗೆ ಹೊರಟು, ಕಾರು ಸ್ಟಾರ್ಟ್ ಮಾಡಿ ಕನ್ನಡಿಯಲ್ಲಿ ನೋಡಿದೆ. ನಾನು ಇನ್ನೂ ಅಂಗಳ ದಾಟಿರಲಿಲ್ಲ, ಬಾಗಿಲ ಮುಂದಿನ ದೀಪ ಆರಿಸಿದ್ದರು.