ಕಾಲು ತಾಗಿದರೆ ನಿಂತುಬಿಡುವ ಸಂಗಮೇಶ

“ನನ್ನ ಮಾರಿಲ್ರೀ ಅಜ್ಜಿ, ಬದಲಿ ಮಾಡ್ಯಾರ. ಮಾರೂದು ಎತ್ತು, ಎಮ್ಮಿ. ನನ್ನ ಟ್ರೇಡ್ ಮಾಡ್ಯಾರ. ಹ್ಯೂಸ್ಟನ್ ಟೀಮಿಗೆ ಎದುರಿನವ್ರನ್ನ ತಡಿಯೋ ಉದ್ದ ತೋಳಿನಾಂವ ಒಬ್ಬ ಬೇಕಾಗಿದ್ದ. ಡಲ್ಲಾಸಿನವ್ರಿಗೆ ಓಡಿ ಹೋಗಿ ಚೆಂಡ ಹಿಡಿಯಾಂವ ಬೇಕಾಗಿದ್ದ. ಆ ತೋಳಿನವನ್ನ ಇಲ್ಲಿಂದ ಅಲ್ಲಿಗೆ ಕಳಿಸಿದ್ರು, ನನ್ನ ಅಲ್ಲಿಂದ ಇಲ್ಲಿಗೆ ತಗೊಂಡ್ರು. ಅವನ ಒಂದ ತೋಳು ನನ್ನಷ್ಟ ಅದ, ಹಂಗ ನೋಡಿದ್ರ ಹ್ಯೂಸ್ಟನ್ನಿಗೇ ಲಾಭ. ನಗಬ್ಯಾಡ್ರಿ! ನಂಗ ನೌಕ್ರಿ ಡಲ್ಲಾಸಿಗೆ ಬಂತು, ಖರೆ. ಆದ್ರ ಶನಿವಾರ ಶನಿವಾರ ಹ್ಯೂಸ್ಟನ್ನಿಗೆ ಡ್ರೈವ್ ಮಾಡ್ಕೊಂಡ ಬಂದು ಆಡ್ತೀನಿ ಅಂತ ಹೇಳಿದ್ದೆ. ಆಡ್ಲಿಕ್ಕೂ ಹೋಗ್ತಿದ್ದೆ. ಕ್ಯಾಪ್ಟನ್ ಪ್ರತಾಪ ‘ಆಯ್ತು ಕಣೋ’ ಅಂದಿದ್ದ. ಒಂದ ಸಾಲ್ಯಾಗ ಕಲ್ತೀವಿ, ಅವರ ತಾಯಿ ಮಾಡಿದ ಇಡ್ಲಿ ತಿಂದ ಬೆಳದೀನಿ ನಾ. ಅಂಥಾಂವ ನನಗೊಂದ ಮಾತ ಕೇಳಲಾರದ ನನ್ನ ಹೆಸರು ಕೊಟ್ಟ ಬಿಟ್ಟ. ಹಲ್ಲ ತಿಕ್ಕಾಕ್ಹತ್ತಿದ್ದೆ, ಫೋನಿನ್ಯಾಗ ಮೆಸೇಜ್ ಬಂತು, ‘ವೆಲ್ಕಮ್ ಟು ಡಲ್ಲಾಸ್’ ಅಂತ. ಬ್ರಷ್ ಬಾಯಾಗ ಹಂಗ ಉಳೀತು. ಇಲ್ಲಿಯವ್ರು ಕೆಟ್ಟವ್ರಲ್ರಿ. ಆದ್ರ ನಾ ಎಲ್ಲಿ ಓಡ್ತೀನಿ, ಎಲ್ಲಿ ಹೊಳ್ಳತೀನಿ, ಯಾರಿಗೂ ಗೊತ್ತಿಲ್ಲ. ಅಲ್ಲೆ ಪ್ರತಾಪ ಕಣ್ಣ ಮುಚ್ಚಿ ಒಗದ್ರೂ ಚೆಂಡು ನನ್ನ ಕೈಯಾಗ ಬಂದ ಕೂಡ್ತಿತ್ತು. ಇಲ್ಲೆ ನಾ ಆ ಕಡೆ, ಚೆಂಡು ಈ ಕಡೆ.”

ಸಂಗಮೇಶ ಇದನ್ನು ಹೇಳಿದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ, ಒಂದು ಶನಿವಾರ ಸಂಜೆ, ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ. ಅವನು ನನ್ನ ಅಳಿಯ ಶ್ರೀಶೈಲನ ಚಿಕ್ಕಪ್ಪನ ಮಗ. ಹುಟ್ಟಿದ್ದು ಧಾರವಾಡದಲ್ಲಿ. ಚಿಕ್ಕವನಿರುವಾಗಲೇ ತಂದೆಯ ಕೆಲಸದ ಜೊತೆ ಹ್ಯೂಸ್ಟನ್ನಿನ ಕ್ಲಿಯರ್ ಲೇಕಿಗೆ ಬಂದು ಅಲ್ಲೇ ದೊಡ್ಡವನಾದ. ಆಸ್ಪತ್ರೆಗಳ ಎಕ್ಸ್‌ರೇ ಯಂತ್ರ ಕೆಟ್ಟರೆ ರಿಪೇರಿ ಮಾಡುವ ಕೆಲಸ ಅವನದು. ಕಂಪನಿಯವರು ಡಲ್ಲಾಸಿಗೆ ಹಾಕಿದ ಮೇಲೆ ಅದರ ಪಕ್ಕದ ಸೌತ್‌ಲೇಕಿನ ನಮ್ಮ ಮನೆಯ ಗ್ಯಾರೇಜಿನ ಮೇಲಿನ ಕೋಣೆಗೆ ಬಂದ. ವಯಸ್ಸು ಮೂವತ್ತು ದಾಟಿದೆ, ಆದರೆ ಚೆಂಡಿನ ಮಾತು ಬಂದರೆ ಮುಖ ಹತ್ತು ವರ್ಷದ ಹುಡುಗನದಾಗುತ್ತದೆ.

ಈ ದೇಶದವರು ಫುಟ್‌ಬಾಲ್ ಅನ್ನುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಸುಲಿದ ತೆಂಗಿನಕಾಯಿಯ ಆಕಾರ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಮುಂದೆ ಓಡಿಹೋಗಿ ಹಿಡಿಯುತ್ತಾನೆ. ಹಾಗೆ ಹಿಡಿಯುವವನು ನಮ್ಮ ಸಂಗಮೇಶ. ಇವರದು ಉದ್ಯೋಗಸ್ಥರು ಶನಿವಾರ ಸೇರಿ ಆಡುವ ಆಟ. ಟಿವಿಯಲ್ಲಿ ತೋರಿಸುವ ಹಾಗೆ ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ಸೊಂಟದಲ್ಲಿ ಬಟ್ಟೆಯ ಪಟ್ಟಿ ಸಿಕ್ಕಿಸಿಕೊಂಡಿರುತ್ತಾರೆ. ಚೆಂಡು ಹಿಡಿದವನ ಪಟ್ಟಿಯನ್ನು ಎದುರಿನವರು ಕಿತ್ತರೆ ಅವನ ಓಟ ಅಲ್ಲಿಗೆ ನಿಂತಿತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಟೀಮುಗಳಿವೆ. ಪ್ರತಿ ವರ್ಷದ ಆಟ ಶುರುವಾಗುವ ಮೊದಲು ಬೇಕಾದವರನ್ನು ಅದಲುಬದಲು ಮಾಡಿಕೊಳ್ಳುತ್ತಾರೆ.

ಹೊಸ ಟೀಮಿನಲ್ಲಿ ಅವನಿಗೆ ಬಂದ ತೊಂದರೆಯನ್ನು ಕೇಳಿದರೆ ನಮ್ಮವರಿಗೆ ನಗು ಬರುತ್ತದೆ. ಓಡುವಾಗ ಅವನ ಕಾಲು ಯಾರಿಗಾದರೂ ತಾಗಿದರೆ ಅವನು ನಿಂತುಬಿಡುತ್ತಾನೆ. ಬಗ್ಗಿ, ತಾಗಿದವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡೇ ಮುಂದಕ್ಕೆ ಓಡುವುದು. ಅಷ್ಟು ಹೊತ್ತಿಗೆ ಚೆಂಡು ಹುಲ್ಲಿನ ಮೇಲೆ ಬಿದ್ದಿರುತ್ತದೆ.

“ಹ್ಯೂಸ್ಟನ್ನಿನಾಗ ಇದು ಯಾರಿಗೂ ಹೊಸಾದಲ್ರಿ. ಅರ್ಧ ಟೀಮು ನಮ್ಮವ್ರ. ಪ್ರತಾಪ ಚೆಂಡ ಎತ್ತಿ ಹಿಡದು ನಾ ಕಣ್ಣಿಗೆ ಒತ್ಕೊಳ್ಳೂತನಾ ಕಾಯ್ತಿದ್ದ. ‘ಭಟ್ರ ಪೂಜಿ ಆತೇನು?’ ಅಂತ ಒದರ್ತಿದ್ರು ಎಲ್ಲಾರೂ. ಆಮ್ಯಾಲೆ ಒಗೀತಿದ್ದ,” ಎಂದ.

ಡಲ್ಲಾಸಿನವರಿಗೆ ಇದು ಹೇಗೆ ತಿಳಿಯಬೇಕು? ಕ್ಯಾಪ್ಟನ್ ಡ್ಯಾರೆಲ್, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಸಾಗಿಸುವವರ ಮೇಲ್ವಿಚಾರಕ, ಚೆಂಡು ಎಸೆಯುವವನೂ ಅವನೇ. ಮೊದಲ ಸಲ ಸಂಗಮೇಶನಿಗೆ ತಲೆಸುತ್ತು ಬಂತೆಂದು ನೀರಿನ ಬಾಟಲಿ ಹಿಡಿದುಕೊಂಡು ಓಡಿಬಂದನಂತೆ. ಎರಡನೆಯ ಸಲ, ಅದು ನಿಜವಾದ ಪಂದ್ಯ, ಸಂಗಮೇಶ ಎದುರಾಳಿಯ ಮೊಣಕಾಲು ಮುಟ್ಟಿದ್ದನ್ನು ನೋಡಿ ರೆಫರಿ ಸೀಟಿ ಊದಿದ. ಆಟಗಾರನನ್ನು ಹಿಡಿದು ನಿಲ್ಲಿಸಿದ ಎಂದು ತಪ್ಪು ಕೊಟ್ಟ. ಡಲ್ಲಾಸ್ ಸೋತಿತು. ಡ್ಯಾರೆಲ್ ಕೂಗಾಡಲಿಲ್ಲ. “ಇನ್ನೊಮ್ಮೆ ಹೀಗಾದರೆ ನೀನು ಬೆಂಚಿನ ಮೇಲೆ,” ಎಂದಷ್ಟೇ ಹೇಳಿದನಂತೆ.

“ನೀನ್ಯಾಕೆ ಅವನಿಗೆ ಬಿಡಿಸಿ ಹೇಳ್ಬಾರ್ದು?” ಎಂದು ಕೇಳಿದೆ.

“ಏನಂತ ಹೇಳ್ಲಿರಿ? ಎದುರಿನವನ ಮೊಣಕಾಲಿಗೆ ಸಾರಿ ಕೇಳ್ಲಿಕ್ಹತ್ತಿದ್ದೆ ಅಂತಲಾ? ಬೆಂಚಿನ ಮ್ಯಾಲೆ ಕೂಡಿಸಿದ್ರ ನಾ ಆಟಾನ ಬಿಡ್ತೀನಿ ಅಜ್ಜಿ. ಹೊರಗ ಕೂತು ಚಪ್ಪಾಳಿ ತಟ್ಲಿಕ್ಕೆ ಮತ್ತೊಬ್ಬರನ್ನ ನೋಡ್ಕೋಬೇಕು ಅವ್ರು.”

ನಗುತ್ತಲೇ ಅಂದ. ಆದರೆ ಆ ಆಟ ಬಿಟ್ಟರೆ ಈ ಊರಿನಲ್ಲಿ ಅವನಿಗೆ ಇನ್ನೇನಿತ್ತು? ಎಕ್ಸ್‌ರೇ ಯಂತ್ರಗಳು, ನಮ್ಮ ಮನೆಯ ಊಟ, ಅಷ್ಟೇ.

ಆ ವಾರವೆಲ್ಲ ಹಿತ್ತಿಲಿನಲ್ಲಿ ಅಭ್ಯಾಸ ನಡೆಯಿತು. ಮೊಮ್ಮಗಳು ಸಾನ್ವಿ ಬೇಕೆಂದೇ ತನ್ನ ಕಾಲು ಅಡ್ಡ ಇಡುವುದು, ಇವನು ಅದನ್ನು ತುಳಿದೂ ನಿಲ್ಲದೆ ಓಡುವುದು. ಹಾಗೆಂದು ಒಪ್ಪಂದ. ಆದರೆ ತುಳಿದ ಕೂಡಲೇ ಕೈ ತಾನಾಗಿ ಕೆಳಗಿಳಿಯುತ್ತಿತ್ತು.

“ಕಾಕಾ, ಯು ಡಿಡ್ ಇಟ್ ಅಗೇನ್!”

“ಇಲ್ಲಬೇ, ಸೊಳ್ಳಿ ಕಡೀತು, ತುರಿಸ್ಕೊಂಡೆ.”

“ಸೊಳ್ಳಿ ಬೈಟ್ ಆದ್ರೆ ಕಣ್ಣಿಗೆ ಯಾಕೆ ಇಟ್ಕೊಳ್ತೀರಾ?”

ಶ್ರೀಶೈಲ ಕಾಫಿ ಹಿಡಿದು ಬಾಗಿಲಲ್ಲಿ ನಿಂತು, “ಕೈ ಬೆನ್ನಿಗೆ ಕಟ್ಟಿ ಓಡಸವಾ ಅವನ್ನ,” ಎಂದು ಮಗಳಿಗೆ ಹೇಳಿದ. “ಚೆಂಡು ಬಾಯಿಲೆ ಹಿಡೀಲೇನಣ್ಣ?” ಎಂದ ಇವನು.

ಬೆವರು ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಾಗ ಧಾರವಾಡದ ಮನೆ ನೆನೆಸಿಕೊಂಡ. ನಡುಮನೆಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ಮಲಗಿಸುತ್ತಿದ್ದರಂತೆ. ಯಾರ ಕಾಲು ಯಾರಿಗೋ ತಾಗುವುದು, ದೀಪ ಆರಿದ ಮೇಲೂ ಅವನ ಅಜ್ಜಿಗೆ ಅದು ಹೇಗೋ ತಿಳಿಯುವುದು. “ಮುಟ್ಟಿ ಕಣ್ಣಿಗೆ ಒತ್ಕೋ. ಇಲ್ಲಾಂದ್ರ ಸೊಕ್ಕು ಕಾಲಿಗಿಳೀತದ, ಆಮ್ಯಾಲೆ ನೆಟ್ಟಗ ನಡೀಲಿಕ್ಕೆ ಬರೂದಿಲ್ಲ.” ಒಬ್ಬರಿಗೊಬ್ಬರು ಬೇಕೆಂದೇ ಒದ್ದು, ನಮಸ್ಕಾರದ ಸರಣಿ ನಡೆಸಿ, ನಕ್ಕು ನಕ್ಕು ನಿದ್ದೆ ಹೋಗುತ್ತಿದ್ದರು. ಅದಾದ ಮೇಲೆ ನೆನಪಾದದ್ದು ಕ್ಲಿಯರ್ ಲೇಕಿನ ಮೈದಾನ. ಅಲ್ಲಿ ಕೊಲ್ಲಿಯ ಕಡೆಯಿಂದ ಬೀಸುವ ಉಪ್ಪುಗಾಳಿ, ಚೆಂಡನ್ನು ಇನ್ನೊಂದು ಹಕ್ಕಿಯೆಂದು ತಿಳಿದು ಮೇಲೆ ಸುತ್ತುವ ಬೆಳ್ಳನೆಯ ಹಕ್ಕಿಗಳು. ಆಟ ಮುಗಿದ ಮೇಲೆ ಪ್ರತಾಪನ ತಾಯಿ ಅನುಸೂಯಾ ಕಾರಿನ ಬಾನೆಟ್ ಮೇಲೆ ಹಳೆಯ ಸೀರೆ ಹಾಸಿ ಇಡ್ಲಿ ಪಾತ್ರೆ ಇಡುತ್ತಿದ್ದರಂತೆ. ಎಂಜಿನ್ನಿನ ಬಿಸಿಗೆ ಇಡ್ಲಿ ಆರುತ್ತಿರಲಿಲ್ಲ. ಗೆದ್ದವರು ಸೋತವರು ಎಲ್ಲರೂ ಒಂದೇ ಬಾನೆಟ್ಟಿನ ಸುತ್ತ.

“ಮರೀಲಿಕ್ಕೆ ಬರಂಗಿಲ್ರಿ,” ಎಂದ. ಕಣ್ಣಿಗೆ ಒತ್ತಿಕೊಳ್ಳುವುದರ ಮಾತೋ, ಆ ಮೈದಾನದ ಮಾತೋ, ನಾನು ಕೇಳಲಿಲ್ಲ.

ಮುಂದಿನ ಪಂದ್ಯ ಹ್ಯೂಸ್ಟನ್ನಿನ ಮೇಲೇ ಬಂತು. ಎರಡು ಊರಿಗೂ ದೂರ ಸಮನಾಗಲಿ ಎಂದು ಆಸ್ಟಿನ್ನಿನಲ್ಲಿ ಆಡುವುದೆಂದಾಯಿತು. ನಾವೂ ಹೊರಟೆವು. ಚಪಾತಿ ಪಲ್ಯ ಸುರುಳಿ ಸುತ್ತಿ ಡಬ್ಬಿಗೆ ತುಂಬಿದೆ. ಅರ್ಧ ದಾರಿಯ ವೇಕೋ ಊರು ದಾಟುವವರೆಗೆ ಹಾಡು ಗುನುಗುತ್ತಿದ್ದ ಸಂಗಮೇಶ ಆಮೇಲೆ ಕಿಟಕಿಯ ಕಡೆ ತಿರುಗಿ ಕೂತ.

ಮೈದಾನದ ಆಚೆ ಬದಿಯಲ್ಲಿ ಹ್ಯೂಸ್ಟನ್ನಿನವರ ಕಾರುಗಳು ನಿಂತಿದ್ದವು. ಇವನು ಆ ಕಡೆ ನೋಡಿ, ಬಗ್ಗಿ ಶೂ ದಾರ ಬಿಚ್ಚಿ, ಮತ್ತೆ ಕಟ್ಟಿಕೊಂಡ. ಅಷ್ಟರಲ್ಲಿ ಡ್ಯಾರೆಲ್ ನಾವು ಕೂತಿದ್ದ ಓಕ್ ಮರದ ನೆರಳಿಗೆ ಬಂದ. ಬಾಗಿಲು ತುಂಬುವಂಥ ಆಳು, ಮಾತು ಮಾತ್ರ ಮೆತ್ತಗೆ. ಅವನು ಇಂಗ್ಲಿಷಿನಲ್ಲಿ ಅಂದದ್ದನ್ನು ಸಾನ್ವಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. “ಇವತ್ತು ನೀನು ಹೊರಗೆ ಕೂತಿರು. ಬೇಜಾರು ಮಾಡ್ಕೋಬೇಡ. ಇದನ್ನು ಸೋತರೆ ನಮಗೆ ಈ ವರ್ಷದ ಆಟ ಮುಗೀತು.”

ಸಂಗಮೇಶನ ಮುಖ ಬಿಳಿಚಿಕೊಂಡಿತು. ನೋಡಲಾಗದೆ ನಾನು ಡಬ್ಬಿ ತೆಗೆದು ಆ ಮನುಷ್ಯನ ಕೈಗೊಂದು ಚಪಾತಿ ಸುರುಳಿ ಕೊಟ್ಟೆ.

“ಥ್ಯಾಂಕ್ ಯೂ, ಮ್ಯಾಮ್,” ಎಂದ ಡ್ಯಾರೆಲ್, ಟೋಪಿ ತೆಗೆದು.

ಸಂಗಮೇಶ ಸರಕ್ಕನೆ ತಲೆಯೆತ್ತಿದ. “ಡ್ಯಾರೆಲ್, ಅದನ್ನ ಇನ್ನೊಮ್ಮೆ ಹೇಳು. ‘ಮ್ಯಾಮ್’ ಇಲ್ಲದ ಹೇಳು.”

“ಯಾಕೆ?”

“ಹೇಳು ನೋಡೋಣ.”

ಡ್ಯಾರೆಲ್ ನನ್ನನ್ನು ನೋಡಿದ. “ಥ್ಯಾಂಕ್ ಯೂ...” ಎಂದು ನಿಂತ. ಬಾಯಿ ಮುಚ್ಚಿಕೊಳ್ಳಲು ನೋಡಿದ. ಮುಖ ಕೆಂಪಾಯಿತು. “...ಮ್ಯಾಮ್.”

ಸಾನ್ವಿ ಕಿಸಕ್ಕನೆ ನಕ್ಕಳು. ಇನ್ನೊಮ್ಮೆ ಪ್ರಯತ್ನಿಸಿದ, ಇನ್ನೊಮ್ಮೆಯೂ ಮ್ಯಾಮ್. “ಆಗಲ್ಲ ಮಾರಾಯ. ಹಿರಿಯ ಹೆಂಗಸರಿಗೆ ಮ್ಯಾಮ್ ಅನ್ನಲಿಲ್ಲ ಅಂತ ನಮ್ಮಮ್ಮ ಕೇಳಿಸಿಕೊಂಡರೆ ಇಲ್ಲಿಗೇ ಬಂದು ಕೆನ್ನೆಗೆ ಕೊಡ್ತಾಳೆ,” ಎಂದ.

“ನನ್ನ ಕೈನೂ ಹಂಗ,” ಎಂದ ಸಂಗಮೇಶ. ಆಮೇಲೆ ಎಲ್ಲ ಹೇಳಿದ. ಕಾಲು ತಾಗುವುದು, ಕಣ್ಣಿಗೆ ಒತ್ತಿಕೊಳ್ಳುವುದು, ಧಾರವಾಡದ ನಡುಮನೆ, ಎಲ್ಲ. ಇಂಗ್ಲಿಷಿನಲ್ಲೇ ಹೇಳಿದ, ಬಹಳ ಹೊತ್ತೇನೂ ಹಿಡಿಯಲಿಲ್ಲ.

ಡ್ಯಾರೆಲ್ ಚಪಾತಿ ಅಗಿಯುತ್ತ ಕೇಳಿದ. “ಎಷ್ಟು ಹೊತ್ತು ಬೇಕು ಅದಕ್ಕೆ?”

“ಒಂದ ಉಸುರು.”

“ಉಸಿರಾದರೆ ಕಾಯಬಹುದು. ಆದರೆ ಎದುರಿನವರ ಮೈ ಮುಟ್ಟಿದರೆ ರೆಫರಿ ಬಿಡಲ್ಲ. ಅದಕ್ಕೇನು ಮಾಡ್ತೀಯ?”

ಸಂಗಮೇಶ ನನ್ನ ಕಡೆ ತಿರುಗಿದ. “ಅಜ್ಜಿ, ಮುಟ್ಟಲಾರದ ಬರೇ ಕಣ್ಣಿಗೆ ಒತ್ಕೊಂಡ್ರ ನಡೀತದೇನ್ರಿ?”

ಇಂಥ ಪ್ರಶ್ನೆಗೆ ಪುಸ್ತಕ ಓದಿರಬೇಕಾಗಿಲ್ಲ. “ಸಂತೆ ದಿನ ಬಸ್ಸಲ್ಲಿ ಎಷ್ಟು ಜನರ ಕಾಲು ತುಳೀತಿದ್ವಿ, ಎಲ್ಲರನ್ನೂ ಬಗ್ಗಿ ಮುಟ್ಟೋಕೆ ಜಾಗ ಎಲ್ಲಿತ್ತಪ್ಪ? ಅವರ ಕಡೆ ಗಾಳೀಲೇ ಕೈ ತೋರ್ಸಿ ಕಣ್ಣಿಗೆ ಒತ್ಕೊಳ್ತಿದ್ವಿ. ಸಲ್ಲುತ್ತೆ,” ಎಂದೆ.

ಅವನು ಸಾನ್ವಿಯ ಶೂ ತುಳಿದು, ಗಾಳಿಯಲ್ಲಿ ಕೈಯಾಡಿಸಿ, ಕಣ್ಣಿಗೆ ಒತ್ತಿಕೊಂಡು ಓಡಿದ. ಡ್ಯಾರೆಲ್ ಒಂದು ಉಸಿರು ತಡೆದು ಚೆಂಡು ಎಸೆದ. ಮೊದಲನೆಯದು ಮರಕ್ಕೆ ಬಡಿದು ಕರಿಹಕ್ಕಿಗಳೆಲ್ಲ ಎದ್ದವು. ಮುಂದಿನದು ಕೈಗೆ ಸಿಕ್ಕಿತು. “ಬಾ ಒಳಗೆ,” ಎಂದ ಡ್ಯಾರೆಲ್.

ಸಂಗಮೇಶನನ್ನು ತಡೆಯಲು ಹ್ಯೂಸ್ಟನ್ನಿನವರು ನಿಲ್ಲಿಸಿದ್ದು ಆ ಉದ್ದ ತೋಳಿನವನನ್ನಲ್ಲ, ಪ್ರತಾಪನನ್ನೇ. ಅವನ ಓಟ ಬಲ್ಲವನು ಇನ್ನಾರು? ಮೊದಲರ್ಧ ಇವನಿಗೆ ಒಂದು ಚೆಂಡೂ ಸಿಗದಂತೆ ನೋಡಿಕೊಂಡ. ಎರಡನೆಯ ಅರ್ಧದಲ್ಲಿ ಇಬ್ಬರೂ ಒಟ್ಟಿಗೆ ತಿರುಗಿದರು. ಇವನ ಕಾಲು ಪ್ರತಾಪನ ಪಾದದ ಮೇಲೆ ಬಿತ್ತು. ಇವನು ಗಾಳಿಯಲ್ಲಿ ಕೈಯಾಡಿಸಿ ಕಣ್ಣಿಗೆ ಒತ್ತಿಕೊಂಡ. ಪ್ರತಾಪ ಹಳೆಯ ರೂಢಿಯಂತೆ ನೇರವಾಗಿ ಬಗ್ಗಿ ಇವನ ಮಂಡಿ ಮುಟ್ಟಿಯೇ ಮುಟ್ಟಿದ. ರೆಫರಿಯ ಸೀಟಿ ಬಾಯಿಗೆ ಹೋಗುವಷ್ಟರಲ್ಲಿ ಡ್ಯಾರೆಲ್ ಕಾದು ಎಸೆದ ಚೆಂಡು ಬಂದು ಸಂಗಮೇಶನ ಎದೆಗೆ ಸೇರಿತ್ತು. ಅವನು ಕೊನೆಯ ಗೆರೆಯವರೆಗೂ ಓಡಿದ. ಹಿಂದಿನಿಂದ ಪ್ರತಾಪನ ಕೂಗು, “ಥೂ ನಿನ್ನ, ಮುಟ್ಟಿ ಪೂಜೆ ಮಾಡೋದೂ ಮರೆತ್ಯೇನೋ!”

ಆಟ ಮುಗಿದಾಗ ಗೆಲುವು ಡಲ್ಲಾಸಿನದು, ಕೂದಲೆಳೆಯಷ್ಟರಲ್ಲಿ. ಸಂಗಮೇಶ ಮೈದಾನ ದಾಟಿ ಆಚೆಗೆ ಹೋದ. ನಾನೂ ಹಿಂದೆಯೇ ಹೋದೆ.

“ನನ್ನ ಯಾಕ ಕೊಟ್ಟಿ ಪ್ರತಾಪ? ಒಂದ ಮಾತ ಕೇಳ್ಬಾರದಾಗಿತ್ತೇನು?”

ಉತ್ತರ ಕೊಟ್ಟಿದ್ದು ಅವನ ತಾಯಿ ಅನುಸೂಯಾ. “ಅವನನ್ನ ಯಾಕೆ ಕೇಳ್ತೀಯೋ, ನನ್ನ ಕೇಳು. ಡಲ್ಲಾಸಿಂದ ಬರೋವಾಗ ಸ್ಟೀರಿಂಗ್ ಹಿಡ್ಕೊಂಡೇ ತೂಕಡಿಸ್ದೆ ಅಂತ ನಗ್ತಾ ಹೇಳಿದ್ಯಲ್ಲ, ಅವತ್ತಿಂದ ಶನಿವಾರ ಬಂದ್ರೆ ಫೋನ್ ಕೈಲಿ ಹಿಡ್ಕೊಂಡು ಕೂತಿರ್ತಿದ್ದೆ. ಬಾರದೇ ಇರು ಅಂದ್ರೆ ಕೇಳ್ತಿದ್ಯಾ ನೀನು? ನಾನೇ ಅಂದೆ ಇವನಿಗೆ, ಅಲ್ಲೇ ಎಲ್ಲಾದ್ರೂ ಆಡ್ಕೊಳ್ಲಿ, ಕೊಟ್ಬಿಡೋ ಅಂತ. ಮೂರು ದಿನ ಊಟ ಬಿಟ್ಟಿದ್ದ ಇವನು.”

“ಅಮ್ಮಾ, ಊಟ ಎಲ್ಲಿ ಬಿಟ್ಟಿದ್ದೆ,” ಎಂದ ಪ್ರತಾಪ.

“ಮನೇಲಿ ಬಿಟ್ಟಿದ್ದೆ, ಹೋಟ್ಲಲ್ಲಿ ತಿಂತಿದ್ದೆ.”

ಸಂಗಮೇಶ ಪ್ರತಾಪನ ಬೆನ್ನಿಗೆ ಒಂದು ಗುದ್ದಿದ. ಡಲ್ಲಾಸಿನವರು ಮರದ ಕೆಳಗೆ ಅವನ ಹೆಸರು ಕೂಗುತ್ತಿದ್ದರು. “ಬರ್ತೀನ್ರೀ ಆಂಟಿ, ನಮ್ಮವ್ರು ಕರೀಲಿಕ್ಹತ್ಯಾರ,” ಎಂದು ಓಡಿದ. ಆ ಮಾತು ಕೇಳಿ ಅನುಸೂಯಾ ಸೆರಗಿನಿಂದ ಮೂಗು ಒರೆಸಿಕೊಂಡರು.

ಹೊರಡುವಾಗ ಡ್ಯಾರೆಲ್ ಒಂದು ದೊಡ್ಡ ಚೀಲ ತಂದು ಇವನ ಕಾಲ ಬಳಿ ಹಾಕಿದ. ಟೀಮಿನ ಅಂಗಿ, ಪಟ್ಟಿಗಳನ್ನೆಲ್ಲ ವಾರಕ್ಕೊಬ್ಬರಂತೆ ಮನೆಗೆ ಒಯ್ದು ಒಗೆಯುವುದು ಅವರಲ್ಲಿ ಪದ್ಧತಿಯಂತೆ. ಅದುವರೆಗೆ ಇವನಿಗೆ ಸರದಿ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಮೆಷಿನ್ನಿನಲ್ಲಿ ಎರಡು ಸಲ ಹಾಕಬೇಕಾಯಿತು, ಅಷ್ಟು ಮಣ್ಣು. ಡ್ರೈಯರಿಗೆ ಹಾಕಿದರೆ ಪಟ್ಟಿಗಳು ಕುಗ್ಗುತ್ತವೆ ಎಂದು ಹಿತ್ತಿಲಿನಲ್ಲಿ ಹಗ್ಗ ಕಟ್ಟಿದ. ನಾನು ಒಂದೊಂದೇ ಕೊಡವಿ ಕೊಡುತ್ತಿದ್ದೆ.

“ತೋಳು ಕೆಳಗಾಗ್ಲಿ ಕಣೋ, ಬೇಗ ಒಣಗುತ್ತೆ,” ಎಂದೆ.

“ಆತ್ರಿ,” ಎಂದು ಡ್ಯಾರೆಲನ ಅಗಲವಾದ ಅಂಗಿಯನ್ನು ತಿರುಗಿಸಿ, ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು ಸಿಕ್ಕಿಸಿದ.