ಸಾಲಿನ ತಲೆಗೆ ನಾನಿಟ್ಟ ಲಾಭ

ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತೇವೆ. ಆಮೇಲೆ ಎರಡು, ಮೂರು. ಮೆಟ್ರಿಕ್ ಪಾಸಾದರೂ ಈ ಚಾಳಿ ನನ್ನನ್ನು ಬಿಟ್ಟಿಲ್ಲ. ಮೊನ್ನೆಯ ಅನಾಹುತ ಅದರಿಂದಲೇ ಆಯಿತು.

ಮನೋಳಿಯ ನಮ್ಮ ಹಿತ್ತಲಲ್ಲಿ ಸೊಸೆ ಮೆಣಸಿನ ಸಸಿಮಡಿ ಮಾಡಿದ್ದಳು. ಅದಕ್ಕೆ ನೀರುಣಿಸುವ ಕೆಲಸವನ್ನು ಡಿಪ್ಲೊಮಾ ಓದುವ ಮೊಮ್ಮಗಳು ಕಂಪ್ಯೂಟರಿಗೆ ಒಪ್ಪಿಸಿದ್ದಳು. ತಿಂಗಳುಗಟ್ಟಲೆ ಕೂತು ಎರಡು ಪ್ರೋಗ್ರಾಂ ಬರೆದಿದ್ದಳು, ಎರಡೂ ಬೇರೆ ಬೇರೆ ಭಾಷೆಯವು. ಒಂದು ಮಣ್ಣಿನ ತೇವ, ಬಿಸಿಲಿನ ಕಾವು, ಟಾಕಿಯ ನೀರು ಮೂರನ್ನೂ ಅಳೆದು ಒಂದೇ ಸಾಲಿನಲ್ಲಿ ಬರೆದಿಡುತ್ತದೆ. ಇನ್ನೊಂದು ಅದನ್ನು ಓದಿ ಪಂಪು ನಡೆಸುತ್ತದೆ.

“ಒಂದರ ಮಾತು ಇನ್ನೊಂದಕ್ಕ ತಿಳಿಯೂದಿಲ್ಲಜ್ಜಾ. ಮೊದಲ ತೇವ, ಆಮ್ಯಾಲ ಕಾವು, ಕಡೀಕ ನೀರು. ಈ ಪಾಳಿ ಅಷ್ಟ ಎರಡಕ್ಕೂ ಗೊತ್ತು,” ಎಂದು ತೋರಿಸಿದಳು.

ಅವಳು ಚಹಾಕ್ಕೆ ಎದ್ದಾಗ, ಅಳತೆ ಬರೆಯುವ ಪ್ರೋಗ್ರಾಂನ ಸಾಲಿನ ತಲೆಗೆ ನಾನೊಂದು 1 ಒತ್ತಿ, ಅವಳು ನಡುನಡುವೆ ಇಟ್ಟಂತೆಯೇ ಕಾಮಾ ಇಟ್ಟೆ. ಲಾಭವಿಲ್ಲದೆ ಎಣಿಕೆ ಶುರುವಾಗಬಾರದಲ್ಲ! ಅವಳು ಬಂದವಳೇ ಚಾಲೂ ಮಾಡಿ ಕಾಲೇಜಿಗೆ ಹೋದಳು. ನಾನು ಮಲಗಿದೆ.

ಪಂಪಿನ ಪ್ರೋಗ್ರಾಂ ನನ್ನ ಲಾಭವನ್ನೇ ತೇವ ಎಂದು ಓದಿತು. ತೇವ ಬರೀ ಒಂದು! ಮಣ್ಣು ಒಣಗಿದೆ ಎಂದು ಬಿಟ್ಟ ನೀರನ್ನು ನಿಲ್ಲಿಸಲೇ ಇಲ್ಲ. ಸವದತ್ತಿ ಸಂತೆಯಿಂದ ಸೊಸೆ ಬರುವ ಹೊತ್ತಿಗೆ ಸಸಿಗಳು ತೇಲುತ್ತಿದ್ದವು. ಹಿಂದೆಯೇ ಕಾಲೇಜಿನಿಂದ ಮೊಮ್ಮಗಳೂ ಬಂದಳು. ಸೊಸೆ ಅವಳ ಮೇಲೆ ಹರಿಹಾಯ್ದಳು.

“ಏನವಾ, ಹೊಳೀನ ಹಿತ್ತಲಕ್ಕ ಕರಕೊಂಡ ಬಂದೀಯೇನ? ಆ ವಾಯರ್ ಎಲ್ಲಾ ಕಿತ್ತ ಒಗಿ. ಇನ್ನ ಮಡಿ ಮುಟ್ಟಿದ್ರ ಕಾಲ ಮುರೀತೇನಿ!”

ಹುಡುಗಿ ವಾಯರ್ ಕಿತ್ತು ಸುತ್ತತೊಡಗಿದಳು. ನನಗೆ ಎಲ್ಲ ಹೊಳೆದಿತ್ತು. ಆದರೂ ಬಾಯಿತುಂಬ ಎಲೆಅಡಿಕೆ ಇದೆ ಎಂಬ ನೆಪದಲ್ಲಿ ಕೂತೇ ಇದ್ದೆ. ಕೊನೆಯ ವಾಯರ್ ಕೀಳುವಾಗ ಉಗುಳಿ ಬಂದೆ.

“ಅಕಿದೇನೂ ತಪ್ಪಿಲ್ಲವಾ. ಸಾಲಿನ ಮುಂದ ಲಾಭ ಹಾಕಿದಾಂವ ನಾನ.”

ಸೊಸೆ ತೇಲುವ ಸಸಿ ನೋಡಿದಳು, ನನ್ನನ್ನು ನೋಡಿದಳು. “ಭಾರೀ ಲಾಭ ಆತ್ರಿ ಮಾವಾರ!”

ಮೊಮ್ಮಗಳು ನಗಲಿಲ್ಲ. “ನಾ ಬೈಸಿಕೊಳ್ಳೂಮಟಾ ಯಾಕ ಸುಮ್ನ ಕುಂತಿದ್ದಿ?”

ನಾನು ಕಿತ್ತ ವಾಯರ್ ಎತ್ತಿ ಅವಳ ಕೈಗಿಟ್ಟೆ.

ವಾಯರ್ ಮತ್ತೆ ಜೋಡಿಸಿದಳು. ಈಗ ಪ್ರತಿ ಅಂಕಿಯೂ ತೇವ, ಕಾವು, ನೀರು ಎಂದು ತನ್ನ ಹೆಸರು ಹೊತ್ತೇ ಹೋಗುತ್ತದೆ, ಪಾಳಿಯ ಹಂಗಿಲ್ಲ. ಹೊಸ ಬೀಜ ಊರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಬೀಜ ಹಿಡಿದು ಬಾಯಿ ತೆರೆದವನು ಗಪ್ಪನೆ ಮುಚ್ಚಿದೆ.

“ಲಾಭ ಅನ್ನಜ್ಜಾ,” ಎಂದಳು ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು. “ಮಣ್ಣಿಗೆ ಅಂದ್ರ ಏನೂ ಆಗೂದಿಲ್ಲ.”